ಯೋಗಿ ಬೆರ್ರಾನನ್ನು ಓದುವ ಮೊದಲು ಫೌಲ್ ಅರ್ಥ ಮಾಡಿಕೊಳ್ಳಿ

ಬೇಸ್‌ಬಾಲ್ ಕ್ಯಾಚರ್ ಯೋಗಿ ಬೆರ್ರಾನ ಜೀವನಕಥೆ ಓದುವುದು ಸುಲಭ. ಕ್ರಿಕೆಟ್ ನೋಡಿ ಬೆಳೆದ ನಮಗೆ ಕೈಕೊಡುವುದು ನಿಯಮ, ಅದರಲ್ಲೂ ಫೌಲ್. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಆಳು ಯಾರು?

ಪೂರ್ತಿ ಹೆಸರು ಲೊರೆಂಜೊ ಪಿಯೆಟ್ರೊ ಬೆರ್ರಾ. ಹುಟ್ಟಿದ್ದು 1925ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ಇಟಾಲಿಯನ್ ಕೇರಿಯಲ್ಲಿ. ಎಂಟನೇ ಕ್ಲಾಸಿಗೇ ಓದು ಮುಗೀತು. ಕೈಕಾಲು ಮಡಚಿಕೊಂಡು ಕೂರುತ್ತಿದ್ದವನನ್ನು ಕಂಡ ಗೆಳೆಯನೊಬ್ಬ ‘ಯೋಗಿ’ ಅಂದ, ಹೆಸರು ಅಂಟಿಕೊಂಡಿತು. 1944ರ ಜೂನ್ 6ರಂದು ನಾರ್ಮಂಡಿ ತೀರದ ಎದುರು ನೌಕಾಪಡೆಯ ರಾಕೆಟ್ ದೋಣಿಯಲ್ಲಿದ್ದ. 1946ರಿಂದ 1963ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ಪರ ಆಡಿದ. ಆಟಗಾರನಾಗಿ 10 ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಲೀಗಿನ ಫೈನಲ್ ಸರಣಿ) ಗೆದ್ದ; ಇನ್ಯಾರಿಗೂ ಅಷ್ಟು ದಕ್ಕಿಲ್ಲ.

ಕ್ಯಾಚರ್ ಕೆಲಸ

ವಿಕೆಟ್ ಕೀಪರ್ ಅಂದುಕೊಂಡರೆ ಅರ್ಧ ಅಷ್ಟೇ ಸಿಗುತ್ತದೆ. ಯಾವ ಎಸೆತ ಹಾಕಬೇಕು ಅಂತ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಹೇಳುವವನೇ ಕ್ಯಾಚರ್. ಯೋಗಿಯ ಕಾಲದಲ್ಲಿ ಕುಕ್ಕುರುಗಾಲಲ್ಲಿ ಕೂತು, ತೊಡೆಗಳ ನಡುವೆ ಬೆರಳು ತೋರಿಸಿ ಹೇಳುತ್ತಿದ್ದರು. ಯೋಗಿಯನ್ನು ತಿದ್ದಿ ತೀಡಿದ್ದು ಯಾಂಕೀಸ್‌ನ ಹಿಂದಿನ ಕ್ಯಾಚರ್ ಬಿಲ್ ಡಿಕಿ.

ತಲೆ ತಿನ್ನುವ ಫೌಲ್

ಬ್ಯಾಟಿಗೆ ತಾಗಿದ ಚೆಂಡು ಹಿಂದಕ್ಕೆ ಹೋದರೆ ಕ್ರಿಕೆಟ್‌ನಲ್ಲಿ ರನ್ ಬರಬಹುದು. ಇಲ್ಲಿ ಅದು ಫೌಲ್, ರನ್ ಇಲ್ಲ. ಬ್ಯಾಟರ್ ಬೀಸಿ ತಪ್ಪಿದ, ಅಥವಾ ಹೊಡೆಯುವಂತಿದ್ದರೂ ಬಿಟ್ಟ ಎಸೆತ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಔಟ್. ಫೌಲ್ ಕೂಡ ಸ್ಟ್ರೈಕೇ, ಆದರೆ ಎರಡರವರೆಗೆ ಮಾತ್ರ. ಆಮೇಲೆ ಎಷ್ಟು ಫೌಲ್ ಹೊಡೆದರೂ ಲೆಕ್ಕ ಎರಡರಲ್ಲೇ ನಿಂತಿರುತ್ತದೆ. (ಬಂಟ್ ಮಾಡಲು, ಅಂದರೆ ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ತಟ್ಟಲು ಹೋಗಿ ಫೌಲ್ ಆದರೆ ಮಾತ್ರ ಔಟ್.)

ಸರಿ, ಆ ಫೌಲನ್ನು ಕ್ಯಾಚರ್ ಹಿಡಿದುಬಿಟ್ಟರೆ? ಇಲ್ಲೇ ಇರುವುದು ಗೊಂದಲ, ನಿಧಾನಕ್ಕೆ ಓದಿ.

ಚೆಂಡು ಮೇಲಕ್ಕೆ ಚಿಮ್ಮಿ, ಕೆಳಗೆ ಬರುವಾಗ ಹಿಡಿದರೆ ಬ್ಯಾಟರ್ ಔಟ್. ಸ್ಟ್ರೈಕ್ ಎಷ್ಟಾಗಿದೆ ಅಂತ ಯಾರೂ ಕೇಳುವುದಿಲ್ಲ. ಅದೇ ಚೆಂಡು ಬ್ಯಾಟಿನ ಅಂಚು ಸವರಿ ನೇರವಾಗಿ ಕ್ಯಾಚರ್ ಗ್ಲೌಸಿಗೆ ಹೋಯಿತು ಅನ್ನಿ. ನಮ್ಮ ಕಣ್ಣಿಗೆ ಪಕ್ಕಾ ಕಾಟ್ ಬಿಹೈಂಡ್, ಅಲ್ವಾ? ಅಲ್ಲಿ ಅದು ಫೌಲ್ ಟಿಪ್, ಬರೀ ಒಂದು ಸ್ಟ್ರೈಕ್. ಮೊದಲ ಎಸೆತವಾದರೆ ಬ್ಯಾಟರ್ ಆರಾಮಾಗಿ ನಿಂತು ಎರಡನೆಯದಕ್ಕೆ ಕಾಯುತ್ತಾನೆ. ಆಗಲೇ ಎರಡು ಸ್ಟ್ರೈಕ್ ಆಗಿದ್ದರೆ ಇದು ಮೂರನೆಯದು, ಔಟ್. ಇದೇ ಟಿಪ್ ಕ್ಯಾಚರ್ ಕೈಯಿಂದ ಜಾರಿದರೆ ಮಾಮೂಲಿ ಫೌಲ್. ಎರಡು ಸ್ಟ್ರೈಕ್ ಇದ್ದವನೂ ಬಚಾವ್.

ನೆನಪಿಟ್ಟುಕೊಳ್ಳಲು ನನ್ನ ಸುಲಭ ಸೂತ್ರ: ಮೇಲೆ ಹೋಗಿ ಬಂದರೆ ಕ್ಯಾಚು, ನೇರ ಬಂದರೆ ಸ್ಟ್ರೈಕು.

ಈಗ 1951ರ ಸೆಪ್ಟೆಂಬರ್ 28ಕ್ಕೆ ಬನ್ನಿ. ಯಾಂಕೀಸ್ ಪಿಚರ್ ಆಲಿ ರೆನಾಲ್ಡ್ಸ್ ಎದುರು ಬಾಸ್ಟನ್ ತಂಡಕ್ಕೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಇಲ್ಲ. ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್, ಮೂವರಲ್ಲಿ ಇಬ್ಬರು ಔಟ್, ಬ್ಯಾಟ್ ಹಿಡಿದವನು ಟೆಡ್ ವಿಲಿಯಮ್ಸ್. ಅವನು ಹೊಡೆದದ್ದು ಮೇಲೆ ಚಿಮ್ಮಿತು. ಯೋಗಿ ಕೆಳಗೆ ನಿಂತು ಬಿಟ್ಟುಬಿಟ್ಟ! ಹಿಡಿದಿದ್ದರೆ ಆಟ ಮುಗಿಯುತ್ತಿತ್ತು, ಬಿಟ್ಟದ್ದಕ್ಕೆ ಬರೀ ಫೌಲ್. ಅಂಥ ಬ್ಯಾಟರ್‌ಗೆ ಇನ್ನೊಂದು ಅವಕಾಶ ಕೊಡುವುದೆಂದರೆ ಸುಮ್ನೆ ಮಾತಲ್ಲ. ಮುಂದಿನ ಎಸೆತಕ್ಕೆ ವಿಲಿಯಮ್ಸ್ ಮತ್ತೆ ಅಂಥದ್ದೇ ಫೌಲ್ ಎತ್ತಿದ. ಈ ಸಲ ಯೋಗಿ ಬಿಡಲಿಲ್ಲ. ‘ಮೇಲೆ ಹೋಗಿ ಬಂದದ್ದು’ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಪರ್ಫೆಕ್ಟ್ ಗೇಮ್

27 ಬ್ಯಾಟರ್ ಬಂದು 27 ಜನವೂ ಔಟ್, ಒಬ್ಬನೂ ಬೇಸ್ ಮುಟ್ಟಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಇದು ಆಗಿರುವುದು ಒಂದೇ ಸಲ: 1956ರ ಅಕ್ಟೋಬರ್ 8, ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧ. ಎಸೆದವನು ಡಾನ್ ಲಾರ್ಸನ್, ಎಸೆತ 97. ಕೊನೆಯ ಸ್ಟ್ರೈಕ್ ಹಿಡಿದ ಯೋಗಿ ಓಡಿಹೋಗಿ ಲಾರ್ಸನ್ ಮೇಲೆ ಹಾರಿ ನೇತಾಡಿದ. ಹೆಸರು ಬರುವುದು ಪಿಚರ್‌ಗೆ, ಆದರೆ ಬೆರಳು ತೋರಿಸಿದವನನ್ನು ಮರೆಯಬೇಡಿ.

ಮುಂದೆ ಯಾಂಕೀಸ್ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಆಗಿದ್ದಾಗ, 1985ರಲ್ಲಿ ಬರೀ 16 ಆಟಕ್ಕೆ ಕಿತ್ತುಹಾಕಿದರು. ಸಿಟ್ಟಿಗೆ 14 ವರ್ಷ ಯಾಂಕೀಸ್ ಮೈದಾನದ ಕಡೆ ತಲೆ ಹಾಕಲಿಲ್ಲ. 1999ರ ಜುಲೈ 18ರಂದು ಅಲ್ಲೇ ಅವನಿಗೆ ಸನ್ಮಾನ. ಲಾರ್ಸನ್ ಎಸೆದ ಮೊದಲ ಚೆಂಡನ್ನು ಯೋಗಿ ಹಿಡಿದ. ಅದೇ ದಿನ ಡೇವಿಡ್ ಕೋನ್ ಮತ್ತೊಂದು ಪರ್ಫೆಕ್ಟ್ ಗೇಮ್ ಎಸೆದ!

ಬ್ಯಾಟಿಂಗ್

ದೂರ ಹೋಗುವ ಕೆಟ್ಟ ಎಸೆತಕ್ಕೂ ಬ್ಯಾಟ್ ಬೀಸುವವನು. ಅಂಥವನಿಗೆ ಸ್ಟ್ರೈಕ್ ರಾಶಿ ಬೀಳಬೇಕು. ಬೀಳಲಿಲ್ಲ, ಏಕೆಂದರೆ ಬೀಸಿದ್ದು ತಾಗುತ್ತಿತ್ತು. 1950ರಲ್ಲಿ 597 ಅಟ್-ಬ್ಯಾಟ್‌ಗೆ (ಬ್ಯಾಟಿಂಗ್ ಸರದಿಗೆ) 28 ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಬರೀ 12. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದದ್ದು ಮಾತ್ರ ಬೇರೆ ವರ್ಷಗಳಲ್ಲಿ: 1951, 1954, 1955.