ಫೋಟೋ ಕೆಳಗಿನ ಆ ಸಣ್ಣ ಹೆಸರು

ವಿಯೆಟ್ನಾಂ ಯುದ್ಧದ ಆ ಫೋಟೋ ನಿಮಗೆ ನೆನಪಿರಬಹುದು. ನೇಪಾಮ್ ಬಾಂಬಿನ ಬೆಂಕಿಗೆ ಮೈ ಸುಟ್ಟುಕೊಂಡ ಪುಟ್ಟ ಹುಡುಗಿ ಅಳುತ್ತಾ ರಸ್ತೆಯಲ್ಲಿ ಓಡಿ ಬರುತ್ತಿದ್ದಾಳೆ. ತೆಗೆದದ್ದು 1972ರ ಜೂನ್ 8ರಂದು. ಐವತ್ತು ವರ್ಷ ಅದರ ಕೆಳಗೆ ನಿಕ್ ಉಟ್ ಎಂಬ ಹೆಸರಿತ್ತು. ಪುಲಿಟ್ಜರ್ ಪ್ರಶಸ್ತಿಯೂ ಅವರಿಗೇ ಬಂತು. 2025ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ, ಅದನ್ನು ತೆಗೆದದ್ದು ಬೇರೊಬ್ಬ ಸ್ಥಳೀಯ ಸ್ಟ್ರಿಂಗರ್, ಅಂದರೆ ನೌಕರಿಯಲ್ಲಿಲ್ಲದೆ ಬಿಡಿಯಾಗಿ ಫೋಟೋ ಕೊಡುವ ಛಾಯಾಗ್ರಾಹಕ, ಎಂದು ಹೇಳಿತು. ನಿಕ್ ಉಟ್ ಒಪ್ಪಲಿಲ್ಲ. ಅವರು ಆಗ ಕೆಲಸಕ್ಕಿದ್ದ ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆ ತನಿಖೆ ಮಾಡಿ, ಹೆಸರು ಬದಲಿಸುವಷ್ಟು ಗಟ್ಟಿ ಸಾಕ್ಷ್ಯ ಇಲ್ಲ ಎಂದಿತು. ಪತ್ರಿಕಾ ಫೋಟೋಗಳಿಗೆ ಪ್ರಶಸ್ತಿ ಕೊಡುವ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಮಾತ್ರ ತನ್ನ ದಾಖಲೆಯಲ್ಲಿ ಆ ಹೆಸರನ್ನು ತಡೆಹಿಡಿಯಿತು.

ಒಂದು ಹೆಸರಿಗಾಗಿ ಇಷ್ಟು ಗದ್ದಲ ಯಾಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1855ರಲ್ಲಿ ರೋಜರ್ ಫೆಂಟನ್ ಕುದುರೆ ಗಾಡಿಯನ್ನೇ ಡಾರ್ಕ್‌ರೂಂ ಮಾಡಿಕೊಂಡು ಕ್ರಿಮಿಯಾ ಯುದ್ಧಕ್ಕೆ ಹೋದ. ಆದರೆ ಅವನ ಫೋಟೋಗಳನ್ನು ಇದ್ದ ಹಾಗೇ ಪತ್ರಿಕೆಯಲ್ಲಿ ಅಚ್ಚು ಹಾಕಲು ಆಗ ಬರುತ್ತಿರಲಿಲ್ಲ. ಕೆತ್ತನೆಗಾರರು ಅವನ್ನು ನೋಡಿ ಮರದ ಮೇಲೆ ಕೆತ್ತುತ್ತಿದ್ದರು. 1880ರ ಹೊತ್ತಿಗೆ ಫೋಟೋವನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ದಾರಿ ಸಿಕ್ಕಿತು. ನಮ್ಮ ಹಳೆಯ ಪತ್ರಿಕಾ ಕಚೇರಿಗಳಲ್ಲಿ ‘ಬ್ಲಾಕ್ ಮಾಡಿಸುವುದು’ ಎನ್ನುತ್ತಿದ್ದರಲ್ಲ, ಅದು ಇದೇ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು, ಕ್ಯಾಮೆರಾ ಅಂಗೈಗೆ ಇಳಿಯಿತು. 1936ರಲ್ಲಿ ಲೈಫ್ ಪತ್ರಿಕೆ ಫೋಟೋಗಳಿಂದಲೇ ಕಥೆ ಹೇಳತೊಡಗಿತು. 1947ರಲ್ಲಿ ರಾಬರ್ಟ್ ಕಾಪಾ, ಕಾರ್ಟಿಯೆ ಬ್ರೆಸೋನ್ ಮತ್ತು ಗೆಳೆಯರು ಮ್ಯಾಗ್ನಮ್ ಎಂಬ ಛಾಯಾಗ್ರಾಹಕರದೇ ಸಂಸ್ಥೆ ಕಟ್ಟಿದರು. ಫೋಟೋದ ಹಕ್ಕು ತೆಗೆದವರ ಬಳಿಯೇ ಉಳಿಯಬೇಕು ಎಂಬುದು ಅವರ ಹಟ.

ಅದೇ ಕಾಲದಲ್ಲಿ ಭಾರತದಲ್ಲಿ ಏನಾಗುತ್ತಿತ್ತು? ನನ್ನನ್ನು ಜಾಸ್ತಿ ಕಾಡುವುದು ಈ ಭಾಗವೇ. ಗುಜರಾತಿನ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಹೋಮೈ ವ್ಯಾರವಾಲಾ ಮುಂಬೈಯಲ್ಲಿ ಫೋಟೋ ತೆಗೆಯಲು ಶುರು ಮಾಡಿದಾಗ, ಅವು ಗಂಡ ಮಾಣೆಕ್‌ಷಾ ಹೆಸರಿನಲ್ಲಿ ಅಚ್ಚಾದವು. ಹೆಣ್ಣು ಪತ್ರಿಕಾ ಛಾಯಾಗ್ರಾಹಕಿ ಇರಬಹುದು ಎಂದೇ ಜನ ಯೋಚಿಸಿರಲಿಲ್ಲ. 1942ರಲ್ಲಿ ದಂಪತಿ ದೆಹಲಿಗೆ ಬಂದರು. ಸೀರೆ ಉಟ್ಟು, ಭಾರದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು, ಸೈಕಲ್ಲಿನಲ್ಲಿ ಅವರು ಊರೆಲ್ಲ ಓಡಾಡಿದರು. ದೇಶ ವಿಭಜನೆ ತೀರ್ಮಾನವಾದ ಸಭೆ, ಗಾಂಧೀಜಿಯ ಅಂತ್ಯಸಂಸ್ಕಾರ, ಪಾರಿವಾಳ ಹಾರಿಬಿಡುತ್ತಿರುವ ನೆಹರೂ ಎಲ್ಲವೂ ಅವರ ಕ್ಯಾಮೆರಾದಲ್ಲಿ ಉಳಿದವು. ‘ಡಾಲ್ಡಾ 13’ ಎಂಬ ಗುಪ್ತನಾಮವೂ ಅವರಿಗಿತ್ತು. ಹುಟ್ಟಿದ್ದು 1913ರಲ್ಲಿ, ಗಂಡನನ್ನು ಮೊದಲು ಕಂಡದ್ದು 13ನೇ ವಯಸ್ಸಿನಲ್ಲಿ, ಕಾರಿನ ನಂಬರು ಡಿಎಲ್‌ಡಿ 13. 1970ರಲ್ಲಿ ಅವರು ಕ್ಯಾಮೆರಾ ಕೆಳಗಿಟ್ಟರು. ದೇಶ ಪದ್ಮವಿಭೂಷಣ ಕೊಟ್ಟಾಗ 2011. ಮರುವರ್ಷ ತೀರಿಕೊಂಡರು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಹೆಸರಿಗಾಗಿ ಅಷ್ಟು ಕಾಯಬೇಕಾಗಲಿಲ್ಲ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು. ಮುಂದೆ ಲೈಫ್, ಟೈಮ್‌ಗಳಲ್ಲೂ ಅವರ ಫೋಟೋ ಬಂದವು. ದೊಡ್ಡವರ ಹಿಂದೆ ಓಡುವುದಕ್ಕಿಂತ ಶಾಲೆ, ಬೀದಿ, ಮಕ್ಕಳ ನಡುವೆ ನಿಲ್ಲುವುದು ಅವರಿಗೆ ಹಿಡಿಸುತ್ತಿತ್ತು. ಸಾಮಾನ್ಯ ಜನರನ್ನು ಅಷ್ಟು ಮಮತೆಯಿಂದ ನೋಡಿದ ಕಣ್ಣು ನನಗೆ ಬೇರೆ ಕಂಡಿಲ್ಲ.

ಈಗ ಕಾನೂನು ಗಟ್ಟಿಯಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಹಕ್ಕು ಮಾರಿದ ಮೇಲೂ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ನಿನಲ್ಲಿ ಉಳಿಯುತ್ತದೆ. ಆದರೆ ಎಷ್ಟೋ ಕಡೆ ಕಾಣುವುದು ‘ಚಿತ್ರ ಕೃಪೆ: ಅಂತರ್ಜಾಲ’. ಅಂತರ್ಜಾಲ ಫೋಟೋ ತೆಗೆಯುವುದಿಲ್ಲ ಅಲ್ವಾ? ಯಾರೋ ಒಬ್ಬರು ಬಿಸಿಲಲ್ಲೋ ಲಾಠಿಯ ಎದುರಿಗೋ ನಿಂತು ತೆಗೆದಿರುತ್ತಾರೆ. ಡಿಜಿಟಲ್ ಫೋಟೋದ ಒಳಗೇ ಹೆಸರು, ಊರು, ದಿನಾಂಕ ಬರೆದಿಡಬಹುದು. ವಾಟ್ಸಾಪಿನಲ್ಲಿ ಸುಮ್ನೆ ಒಮ್ಮೆ ಕಳಿಸಿದರೆ ಸಾಕು, ಆ ಮಾಹಿತಿ ಉದುರಿಹೋಗುತ್ತದೆ.

ಹೆಸರು ಹೋದರೆ, ಇದು ಯಾವಾಗಿನದು, ಇಲ್ಲಿರುವವರು ಯಾರು ಎಂದು ಕೇಳಲು ಯಾರೂ ಸಿಗುವುದಿಲ್ಲ. ಈಗ ಯಂತ್ರವೇ ಫೋಟೋದಂತಹ ಚಿತ್ರ ಬರೆಯುತ್ತಿರುವಾಗ ಈ ಪ್ರಶ್ನೆ ಇನ್ನೂ ದೊಡ್ಡದಾಗಿದೆ.

ಹೋಮೈ ಅವರದೇ ಇನ್ನೊಂದು ಫೋಟೋ ಇದೆ. ವಿಮಾನದಲ್ಲಿ ಕೂತ ನೆಹರೂ ಒಬ್ಬ ಮಹಿಳೆಯ ಸಿಗರೇಟಿಗೆ ಬೆಂಕಿ ಹಚ್ಚುತ್ತಿದ್ದಾರೆ. ಆಕೆ ಬ್ರಿಟಿಷ್ ಡೆಪ್ಯುಟಿ ಹೈಕಮಿಷನರ್ ಅವರ ಪತ್ನಿ. ಆ ಫೋಟೋ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಅಡಿಬರಹ ಪ್ರತಿ ಸಲ ಬೇರೆಯಾಗಿರುತ್ತದೆ. ಹೋಮೈ ವ್ಯಾರವಾಲಾ ಎಂಬ ಹೆಸರು ಮಾತ್ರ ಅಲ್ಲಿ ಇರುವುದಿಲ್ಲ.