ರಕ್ತದ ಪೊಟ್ಯಾಶಿಯಂ ಬೇರೆ, ಕೋಶದ ಪೊಟ್ಯಾಶಿಯಂ ಬೇರೆ

ನರ್ಸಿಂಗ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗಲೆಲ್ಲ ನನ್ನನ್ನು ಕಾಡುವ ತಪ್ಪು ಒಂದಿದೆ. ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: ಡಯಾಬಿಟಿಕ್ ಕೀಟೋಆಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಸಕ್ಕರೆಯೂ ಆಮ್ಲತೆಯೂ ವಿಪರೀತ ಏರುವ ಸ್ಥಿತಿ) ಆಗಿ ದಾಖಲಾದ ರೋಗಿಯ ರಕ್ತದಲ್ಲಿ ಪೊಟ್ಯಾಶಿಯಂ ಲೀಟರಿಗೆ 5.4 ಮಿಲಿಇಕ್ವಿವಲೆಂಟ್ (ಲವಣಗಳ ಪ್ರಮಾಣ ಅಳೆಯುವ ಮಾನ) ಇದೆ, ಇನ್ಸುಲಿನ್ ಡ್ರಿಪ್ ಆರಂಭವಾಗಿದೆ, ಮುಂದಿನ ಕೆಲವು ಗಂಟೆಗಳಲ್ಲಿ ನರ್ಸ್ ಯಾವ ಅಪಾಯದ ಮೇಲೆ ಕಣ್ಣಿಡಬೇಕು? ಬಹಳಷ್ಟು ವಿದ್ಯಾರ್ಥಿಗಳು ಪೊಟ್ಯಾಶಿಯಂ ಇನ್ನೂ ಏರುವ ಅಪಾಯ ಎಂದು ಬರೆಯುತ್ತಾರೆ. ಸರಿಯಾದ ಉತ್ತರ ಅದಕ್ಕೆ ತದ್ವಿರುದ್ಧ: ಪೊಟ್ಯಾಶಿಯಂ ಕುಸಿಯುವ ಅಪಾಯ. ತಪ್ಪು ಬರೆದವರು ಓದದವರಲ್ಲ. 3.5ರಿಂದ 5.0 ಎಂಬ ಸಾಮಾನ್ಯ ಮಿತಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರು. ಆ ಸಂಖ್ಯೆ ದೇಹದ ಯಾವ ಜಾಗದ್ದು ಎಂದು ಮಾತ್ರ ಅವರು ಒಮ್ಮೆಯೂ ಕೇಳಿಕೊಂಡಿರುವುದಿಲ್ಲ.

ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಎಲ್ಲರಿಗೂ ಬರುತ್ತದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಕೋಶಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಶಿಯಂ ಪಂಪು ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ತಳ್ಳುತ್ತದೆ, ಎರಡು ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುತ್ತದೆ ಎಂಬುದೂ ಎಲ್ಲರ ಬಾಯಲ್ಲಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಕ್ರಿಶ್ಚಿಯನ್ ಸ್ಕೋ ಈ ಪಂಪಿನ ಬಗ್ಗೆ 1957ರಲ್ಲಿ ಪ್ರಕಟಿಸಿದ ಕೆಲಸಕ್ಕೆ 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಆದರೆ ಮೂರು ಹೊರಗೆ, ಎರಡು ಒಳಗೆ ಎಂದು ಒಪ್ಪಿಸಿದ ವಿದ್ಯಾರ್ಥಿಯನ್ನು, ಹಾಗಾದರೆ ದೇಹದ ಪೊಟ್ಯಾಶಿಯಂ ಹೆಚ್ಚಾಗಿ ಎಲ್ಲಿದೆ ಎಂದು ಕೇಳಿದರೆ, ಅವರು ತಡೆದು ತಡೆದು ರಕ್ತದಲ್ಲಿ ಎನ್ನುತ್ತಾರೆ.

ಆದ್ದರಿಂದ ಈ ಒಂದು ಮಾತನ್ನು ಬೇಸರವಾಗುವಷ್ಟು ಬಿಡಿಸಿ ಹೇಳುತ್ತೇನೆ. ದೇಹದ ಪೊಟ್ಯಾಶಿಯಂನಲ್ಲಿ ಸುಮಾರು ಶೇ. 98ರಷ್ಟು ಕೋಶಗಳ ಒಳಗಿದೆ. ಅಲ್ಲಿ ಅದರ ಸಾಂದ್ರತೆ ಲೀಟರಿಗೆ 140 ಮಿಲಿಇಕ್ವಿವಲೆಂಟ್‌ನ ಆಸುಪಾಸು. ಹೊರಗಿರುವುದು ಶೇ. 2 ಮಾತ್ರ, ಪ್ರಯೋಗಾಲಯ ಅಳೆದು ಕಳಿಸುವುದು ಆ ಹೊರಗಿನ ಪಾಲನ್ನು. ಒಂದು ಮನೆಯೊಳಗೆ ತೊಂಬತ್ತೆಂಟು ಮಂದಿ, ಅಂಗಳದಲ್ಲಿ ಇಬ್ಬರು ಇದ್ದಾರೆ ಎಂದುಕೊಳ್ಳಿ. ಒಳಗಿನಿಂದ ಇನ್ನಿಬ್ಬರು ಹೊರಗೆ ಬಂದರೆ ಅಂಗಳದ ಜನ ಇಮ್ಮಡಿಯಾಗುತ್ತಾರೆ, ಮನೆಯೊಳಗಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಅಂಗಳವನ್ನು ಮಾತ್ರ ನೋಡಿದವರು ಮನೆ ತುಂಬಿ ತುಳುಕುತ್ತಿದೆ ಎಂದು ತೀರ್ಮಾನಿಸಿದರೆ ಹೇಗೋ, ರಕ್ತದ ವರದಿಯಲ್ಲಿ 5.4 ನೋಡಿ ರೋಗಿಯ ದೇಹದಲ್ಲಿ ಪೊಟ್ಯಾಶಿಯಂ ಜಾಸ್ತಿ ಇದೆ ಎನ್ನುವುದೂ ಹಾಗೆಯೇ.

ಈಗ ಅದೇ ರೋಗಿಯ ಹತ್ತಿರ ಹೋಗೋಣ. ಇನ್ಸುಲಿನ್ ಇಲ್ಲದ್ದರಿಂದ ಪೊಟ್ಯಾಶಿಯಂ ಕೋಶದೊಳಗೆ ಸರಿಯಾಗಿ ಹೋಗುತ್ತಿಲ್ಲ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿರುವುದರಿಂದ ಕೋಶದೊಳಗಿನ ನೀರು ಹೊರಗೆ ಎಳೆಯಲ್ಪಡುತ್ತಿದೆ, ಅದರೊಂದಿಗೆ ಪೊಟ್ಯಾಶಿಯಂ ಕೂಡ ಹೊರಬರುತ್ತಿದೆ. ಆಮ್ಲತೆಯೂ ಇದಕ್ಕೆ ಜೊತೆಗೂಡುತ್ತದೆ. ಹೀಗೆ ಹೊರಬಂದದ್ದು ರಕ್ತದಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಮೂತ್ರದಲ್ಲಿ ನೀರನ್ನು ಎಳೆದುಕೊಂಡು ಹೋಗುವಾಗ ಪೊಟ್ಯಾಶಿಯಂ ಅನ್ನೂ ಕೊಂಡೊಯ್ಯುತ್ತದೆ, ವಾಂತಿಯಿದ್ದರೆ ನಷ್ಟ ಇನ್ನೂ ಹೆಚ್ಚು. ಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಎರಡು ದಿನ ಸೋರಿದ ಮೇಲೆ, ವರದಿಯಲ್ಲಿ ಸಂಖ್ಯೆ ಸಾಮಾನ್ಯವಾಗಿಯೋ ತುಸು ಹೆಚ್ಚಾಗಿಯೋ ಕಾಣುತ್ತಿರುವಾಗಲೇ ದೇಹದ ಒಟ್ಟು ದಾಸ್ತಾನು ಬರಿದಾಗುತ್ತಾ ಬಂದಿರುತ್ತದೆ. ಇಂಥ ಹೊತ್ತಿನಲ್ಲಿ ಇನ್ಸುಲಿನ್ ಕೊಟ್ಟರೆ ಪಂಪು ಚುರುಕಾಗಿ ಹೊರಗಿದ್ದ ಪೊಟ್ಯಾಶಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಉಳಿಯುವುದು ಅಪಾಯಕಾರಿಯಾಗಿ ಕಡಿಮೆ. ಸ್ನಾಯು ದುರ್ಬಲವಾಗುವುದು, ಹೃದಯದ ಲಯ ತಪ್ಪುವುದು ಆಗಲೇ. ರಕ್ತದ ಪೊಟ್ಯಾಶಿಯಂ ಮೊದಲೇ 3.3 ಅಥವಾ 3.5ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ತಡೆದು ಪೊಟ್ಯಾಶಿಯಂ ಅನ್ನು ಸರಿಪಡಿಸಬೇಕು ಎಂದು ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ. ನಿಖರವಾದ ಮಿತಿ ಯಾವ ಮಾರ್ಗಸೂಚಿ ಎಂಬುದರ ಮೇಲೆ ಬದಲಾಗುತ್ತದೆ. ವಾರ್ಡಿನಲ್ಲಿ ವೈದ್ಯರ ಆದೇಶ ಮತ್ತು ಅಲ್ಲಿನ ನಿಯಮವೇ ಅಂತಿಮ.

ಒಮ್ಮೆ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಇದೇ ಪ್ರಶ್ನೆಗೆ ತೊದಲಿ, ಕಣ್ಣಲ್ಲಿ ನೀರು ತಂದುಕೊಂಡು, "ಮೇಡಂ, ಓದಿದ್ದೆ, ಮರೆತುಹೋಯಿತು" ಎಂದಳು. ನಾನು ಕಾಗದ ಪೆನ್ನು ಕೊಟ್ಟು, "ನೆನಪು ಮಾಡಿಕೊಳ್ಳಬೇಡಮ್ಮಾ, ಒಂದು ವೃತ್ತ ಬರೆ ಸಾಕು" ಎಂದೆ. ಬರೆದಳು. ಒಳಗೆ ಏನು ಹೆಚ್ಚು, ಹೊರಗೆ ಏನು ಹೆಚ್ಚು ಎಂದು ಕೇಳಿದೆ. ಒಳಗೆ ದೊಡ್ಡದಾಗಿ ಪೊಟ್ಯಾಶಿಯಂ, ಹೊರಗೆ ದೊಡ್ಡದಾಗಿ ಸೋಡಿಯಂ, ಅದರ ಪಕ್ಕ ಪೊಟ್ಯಾಶಿಯಂನ ಸಣ್ಣ ಅಂಕಿ ಬರೆದಳು. ಇನ್ಸುಲಿನ್ ಬಂದರೆ ಬಾಣದ ಗುರುತು ಯಾವ ಕಡೆಗೆ ಎಂದೆ. ಪೆನ್ನು ಒಳಮುಖವಾಗಿ ಎಳೆದ ಕ್ಷಣದಲ್ಲೇ ಅವಳ ಮುಖ ಬದಲಾಯಿತು. ಹೊರಗೆ ಬರೆದಿದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟು, "ಇದು ಕಡಿಮೆಯಾಗುತ್ತದೆ" ಎಂದಳು. ಆಕೆಗೆ ಗೊತ್ತಿಲ್ಲದ ಸಂಗತಿ ಅದರಲ್ಲಿ ಒಂದೂ ಇರಲಿಲ್ಲ. ಅಂದಿನಿಂದ ನನ್ನ ತರಗತಿಯಲ್ಲಿ ಎಲೆಕ್ಟ್ರೋಲೈಟ್ (ಸೋಡಿಯಂ, ಪೊಟ್ಯಾಶಿಯಂನಂಥ ಲವಣಗಳ) ಪ್ರಶ್ನೆ ಯಾವುದಿದ್ದರೂ ಮೊದಲು ಅಂಚಿನಲ್ಲಿ ಆ ವೃತ್ತ ಬರೆಯಲೇಬೇಕು.

ಆ ವೃತ್ತ ಕಣ್ಣ ಮುಂದಿದ್ದರೆ ಪೊಟ್ಯಾಶಿಯಂ ನಿಜವಾಗಿಯೇ ಏರಿದ ರೋಗಿಗೆ ಕೊಡುವ ಔಷಧಗಳನ್ನು ಉರು ಹೊಡೆಯುವ ಅಗತ್ಯವಿಲ್ಲ. ಕ್ಯಾಲ್ಸಿಯಂ ಗ್ಲೂಕೋನೇಟ್ ಪೊಟ್ಯಾಶಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ, ಹೃದಯದ ಕೋಶಪೊರೆಯನ್ನು ಕಾಪಾಡಿ ಸಮಯ ಗಳಿಸಿಕೊಡುತ್ತದೆ ಅಷ್ಟೆ. ಡೆಕ್ಸ್‌ಟ್ರೋಸ್ ಎಂಬ ಸಕ್ಕರೆಯ ಜೊತೆಗಿನ ಇನ್ಸುಲಿನ್ ಮತ್ತು ಉಸಿರಾಟದ ತೊಂದರೆಗೂ ಕೊಡುವ ಸಾಲ್ಬುಟಮಾಲ್ ಅದನ್ನು ಹೊರಗಿನಿಂದ ಒಳಗೆ ಸರಿಸುತ್ತವೆ, ದೇಹದಿಂದ ಆಚೆ ಕಳಿಸುವುದಿಲ್ಲ. ಆಚೆ ಕಳಿಸುವುದು ಡಯಾಲಿಸಿಸ್, ಮೂತ್ರ ಹೆಚ್ಚಿಸುವ ಔಷಧ, ಕರುಳಿನಲ್ಲಿ ಪೊಟ್ಯಾಶಿಯಂ ಹಿಡಿದಿಡುವ ಔಷಧಗಳು. ಕ್ಯಾಲ್ಸಿಯಂ ಕೊಟ್ಟ ಮೇಲೆ ರಕ್ತದ ಪೊಟ್ಯಾಶಿಯಂ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೆ ಸಂಖ್ಯೆ ಬರೆದ ಪತ್ರಿಕೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಸೋಡಿಯಂಗೂ ಇದೇ ವೃತ್ತ ಸಾಕು, ಆದರೆ ಇಲ್ಲಿ ಗಮನಿಸಬೇಕಾದದ್ದು ನೀರಿನ ಚಲನೆ. ರಕ್ತದ ಸೋಡಿಯಂ ವೇಗವಾಗಿ ಕುಸಿದರೆ ನೀರು ಅಭಿಸರಣದಿಂದ (ಲವಣ ಹೆಚ್ಚಿರುವ ಕಡೆಗೆ ಸರಿಯುವ ಗುಣದಿಂದ) ಕೋಶದೊಳಗೆ ನುಗ್ಗುತ್ತದೆ. ತಲೆಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲದ ಮೆದುಳು ತಲೆನೋವು, ಗೊಂದಲ, ಸೆಳವುಗಳ ಮೂಲಕ ಅದನ್ನು ತಿಳಿಸುತ್ತದೆ. ಶೇ. 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿರುವಾಗ ಐಸೊಟಾನಿಕ್, ಅಂದರೆ ರಕ್ತದಷ್ಟೇ ಸಾಂದ್ರ, ಆದರೆ ದೇಹ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಮೆದುಳಿನ ಊತವಿರುವ ರೋಗಿಗೆ ಅದು ಏಕೆ ಸೂಕ್ತವಲ್ಲ ಎಂಬುದಕ್ಕೆ ಇಷ್ಟೇ ವಿವರಣೆ ಬೇಕು. ಆಮ್ಲಜನಕ ಸಿಗದ ಕೋಶ ಊದಿಕೊಳ್ಳುವುದೂ ಇದೇ ಲೆಕ್ಕದ ಇನ್ನೊಂದು ರೂಪ: ಎಟಿಪಿ ಇಲ್ಲ, ಪಂಪು ನಿಂತಿತು, ಸೋಡಿಯಂ ಒಳಗೇ ಉಳಿಯಿತು, ನೀರು ಅದರ ಹಿಂದೆ ಬಂದಿತು.

ವರದಿಯ ಸಂಖ್ಯೆಯನ್ನು ನಂಬುವ ಮೊದಲು ರಕ್ತ ತೆಗೆದ ಬಗೆಯನ್ನೂ ನೋಡಬೇಕು. ಒಂದು ರಾತ್ರಿ ಪಾಳಿಯಲ್ಲಿ ಆರಾಮವಾಗಿ ಕುಳಿತು ಮಾತಾಡುತ್ತಿದ್ದ ರೋಗಿಯೊಬ್ಬರ ಪೊಟ್ಯಾಶಿಯಂ 6.8 ಎಂದು ಪ್ರಯೋಗಾಲಯದಿಂದ ಕರೆ ಬಂದಿತು. ಮಾದರಿ ತೆಗೆದಿದ್ದ ವಿದ್ಯಾರ್ಥಿನಿಯನ್ನು ವಿಚಾರಿಸಿದಾಗ, ರಕ್ತನಾಳ ಸಿಗದೆ ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಬಹಳ ಹೊತ್ತು ಕಟ್ಟಿದ್ದು, ಮುಷ್ಟಿ ಬಿಗಿದು ಬಿಡುವಂತೆ ಮತ್ತೆ ಮತ್ತೆ ಹೇಳಿದ್ದು, ಸಣ್ಣ ಸೂಜಿಯಲ್ಲಿ ಸಿರಿಂಜನ್ನು ಜೋರಾಗಿ ಎಳೆದದ್ದು ತಿಳಿಯಿತು. ಹೀಗೆ ಮಾಡಿದರೆ ಕೆಂಪು ರಕ್ತಕಣಗಳು ಒಡೆದು ಒಳಗಿದ್ದ ಪೊಟ್ಯಾಶಿಯಂ ಮಾದರಿಗೆ ಸೇರಿಕೊಳ್ಳುತ್ತದೆ, ಮುಷ್ಟಿ ಬಿಗಿದ ಸ್ನಾಯುವಿನಿಂದಲೂ ಹೊರಬರುತ್ತದೆ. ಇದು ಸುಳ್ಳು ಸಂಖ್ಯೆ ಎಂದು ಸುಮ್ಮನೆ ಕೂರುವಂತಿರಲಿಲ್ಲ; ವೈದ್ಯರಿಗೆ ತಿಳಿಸಿ, ಇಸಿಜಿ ತೆಗೆದು, ಇನ್ನೊಂದು ಕೈಯಿಂದ ನಿಧಾನವಾಗಿ ಹೊಸ ಮಾದರಿ ಕಳಿಸಿದೆವು. ಪೊಟ್ಯಾಶಿಯಂ ನಿಜವಾಗಿ ಏರಿದ್ದರೆ ಕಾಣಬಹುದಾದಂತೆ ಇಸಿಜಿಯಲ್ಲಿ ಟಿ ಅಲೆಗಳು ಮೊನಚಾಗಿರಲಿಲ್ಲ. ಎರಡನೆಯ ವರದಿ 4.3 ಎಂದು ಬಂದಿತು. ಬೆಳಗ್ಗೆ ಪಾಳಿ ಮುಗಿಸಿ ಹೊರಡುವ ಮೊದಲು ಆ ವಿದ್ಯಾರ್ಥಿನಿ ತನ್ನ ಜೇಬುಪುಸ್ತಕದಲ್ಲಿ ಒಡೆದ ಅಂಚಿನ ಒಂದು ಪುಟ್ಟ ವೃತ್ತ ಬರೆದು, ಅದರಿಂದ ಹೊರಮುಖವಾಗಿ ಬಾಣವೊಂದನ್ನು ಎಳೆದು ನನಗೆ ತೋರಿಸಿದಳು.