ಹಸಿರು ವೈರ್ ಕೀಳೋ ಮುಂಚೆ

ಜಯನಗರದ ಒಂದು ಮನೆ. ಕಟ್ಟಿ ಹದಿನಾಲ್ಕು ವರ್ಷ. ಆ ಕಾಲಕ್ಕೇ ಕೆಎನ್‌ಎಕ್ಸ್ ಹಾಕಿಸಿದ್ದರು, ಅಂದರೆ ಮನೆಯ ಸ್ವಿಚ್ಚು, ಲೈಟುಗಳು ಒಂದು ಕೇಬಲ್ ಮೂಲಕ ಮಾತಾಡಿಕೊಳ್ಳುವ ವ್ಯವಸ್ಥೆ. ಯಜಮಾನರ ಮಗಳು ಬಾಗಿಲಲ್ಲೇ ಹೇಳಿದಳು: "ಅಂಕಲ್, ಇದನ್ನೆಲ್ಲ ಕಿತ್ತು ವೈಫೈ ಸ್ವಿಚ್ ಹಾಕಿಬಿಡಿ. ಮೊಬೈಲ್‌ನಲ್ಲಿ ಒಂದು ಲೈಟೂ ಹತ್ತಲ್ಲ."

ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬಾಕ್ಸ್ ತೆಗೆದೆ. ಒಳಗೆ ಹಸಿರು ಕೇಬಲ್, ಸಾಲಾಗಿ ರಿಲೇಗಳು, ಅಂದರೆ ಸಂದೇಶ ಬಂದರೆ ತಾವೇ ಆನ್-ಆಫ್ ಆಗುವ ಸ್ವಿಚ್‌ಗಳು. ಧೂಳು ಬಿಟ್ಟರೆ ಏನೂ ಕೆಟ್ಟಿರಲಿಲ್ಲ. ಇದನ್ನು ಕೀಳೋದಕ್ಕೆ ನನಗಂತೂ ಮನಸ್ಸು ಬರಲ್ಲ.

ಯಾಕೆ ಅಂದರೆ, ಆ ಹಸಿರು ಕೇಬಲ್‌ನ ಒಂದೇ ಜೋಡಿ ವೈರ್‌ನಲ್ಲಿ ಸುಮಾರು 30 ವೋಲ್ಟ್ ಡಿಸಿಯೂ ಇರುತ್ತದೆ, ಮಾತುಕತೆಯೂ ನಡೆಯುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ ಅದು ಲೈಟಿಗೆ ಕರೆಂಟ್ ಕೊಡುವುದಿಲ್ಲ. "1/1/5, ಆನ್" ಅಂತ ಕೂಗುತ್ತದೆ, ಅಷ್ಟೇ. ಡಿಬಿಯಲ್ಲಿರುವ ರಿಲೇ ಅದನ್ನು ಕೇಳಿಸಿಕೊಂಡು ಲೈಟ್ ಹಚ್ಚುತ್ತದೆ. ಆ ನಂಬರಿಗೆ ನಾವು ಗ್ರೂಪ್ ಅಡ್ರೆಸ್ ಅಂತೀವಿ. ನಡುವೆ ಸರ್ವರ್ ಇಲ್ಲ, ಇಂಟರ್ನೆಟ್ ಇಲ್ಲ. ವೇಗ ಸೆಕೆಂಡಿಗೆ 9600 ಬಿಟ್. ಈಗಿನ ಲೆಕ್ಕದಲ್ಲಿ ಆಮೆ. ಆದರೆ ಒಂದು ಲೈಟ್ ಹಚ್ಚೋಕೆ ಎಷ್ಟು ವೇಗ ಬೇಕು ಹೇಳಿ?

ಹಾಗಾಗಿ ವೈರ್ ಇರುವ ಕಡೆ ವೈರೇ ಇರಲಿ. ವೈರ್‌ಲೆಸ್ ಜೊತೆ ಒಂದೇ ಜಾಗದಲ್ಲಿ ಸೇತುವೆ ಕಟ್ಟಿದರೆ ಸಾಕು. ಡಿಬಿಯಲ್ಲಿ ಹಸಿರು ಕೇಬಲನ್ನು ಮನೆಯ ನೆಟ್‌ವರ್ಕಿಗೆ ಸೇರಿಸುವ ಒಂದು ಐಪಿ ಇಂಟರ್‌ಫೇಸ್ ಕೂರಿಸಿ, ಅದರಿಂದ ರೌಟರಿಗೆ ಲ್ಯಾನ್ ಕೇಬಲ್ ಎಳೆಯಬೇಕು. ಪಕ್ಕದಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಮನೆಯ ಸಾಧನಗಳನ್ನೆಲ್ಲ ಮೊಬೈಲಿಗೆ ತರುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್. ಅದೇ ಪೈಗೆ ಜಿಗ್‌ಬೀ ಡಾಂಗಲ್, ವೈರ್‌ಲೆಸ್ ಸೆನ್ಸರ್‌ಗಳ ಮಾತು ಕೇಳಿಸಿಕೊಳ್ಳೋಕೆ. ಡಾಂಗಲನ್ನು ನೇರವಾಗಿ ಚುಚ್ಚಬೇಡಿ, ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಹಾಕಿ ದೂರ ಇಡಿ. ಯುಎಸ್‌ಬಿ 3 ಪೋರ್ಟಿನ ಗದ್ದಲಕ್ಕೆ ಜಿಗ್‌ಬೀ ಕಿವುಡಾಗುತ್ತದೆ. ಈ ಚಿಲ್ಲರೆ ವೈರ್ ಹಾಕದೆ ಒಂದು ವಾರ ತಲೆ ಕೆಡಿಸಿಕೊಂಡವನು ನಾನು.

ಸಾಮಾನು ಜೋಡಿಸೋದು ಅರ್ಧ ದಿನದ ಕೆಲಸ. ಕಷ್ಟ ಇರೋದು ಬೇರೆ ಕಡೆ. ಪ್ರಾಜೆಕ್ಟ್ ಫೈಲ್ ಎಲ್ಲಿ? ಇಟಿಎಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಮನೆಯ ಪೂರ್ತಿ ಜಾತಕ ಇರುತ್ತದೆ: ಯಾವ ಅಡ್ರೆಸ್ ಯಾವ ಲೈಟು, ಯಾವ ರಿಲೇ. ದುಡ್ಡು ಕೊಟ್ಟವರಿಗೆ ಆ ಫೈಲ್ ಸೇರಬೇಕು. ಎಷ್ಟೋ ಮನೆಯಲ್ಲಿ ಸೇರಿರಲ್ಲ. ಈ ಮನೆಯಲ್ಲೂ ಅಷ್ಟೇ. ಅಂದು ಕೆಲಸ ಮಾಡಿದವರು ಫೋನ್ ಎತ್ತಲಿಲ್ಲ.

ಹಾಗಾದಾಗ ಉಳಿಯೋದು ಹಳ್ಳಿ ದಾರಿ. ನಾನು ಲ್ಯಾಪ್‌ಟಾಪ್‌ನಲ್ಲಿ, ಕೇಬಲ್‌ನಲ್ಲಿ ಓಡಾಡುವ ಅಡ್ರೆಸ್‌ಗಳನ್ನು ತೋರಿಸುವ ಗ್ರೂಪ್ ಮಾನಿಟರ್ ತೆರೆದು ಕೂತೆ. ಮಗಳು ರೂಮ್ ರೂಮ್ ಸುತ್ತಿ ಸ್ವಿಚ್ ಒತ್ತಿ ಕೂಗಿದಳು. "ದೇವರ ಮನೆ, ಎಡಗಡೆದು!" ಪರದೆಯಲ್ಲಿ 1/2/7 ಬಂತು. ಬರೆದುಕೊಂಡೆ. ಊಟದ ಹೊತ್ತಿಗೆ ಮೂರು ಹಾಳೆ ತುಂಬಿತು. ಇದರಿಂದ ಲೈಟ್ ಹಚ್ಚಬಹುದು, ಆರಿಸಬಹುದು. ಆದರೆ ರಿಲೇಯ ಒಳಗಿನ ಸೆಟ್ಟಿಂಗ್ ಬದಲಾಯಿಸೋಕೆ ಆಗಲ್ಲ, ಅದಕ್ಕೆ ಫೈಲೇ ಬೇಕು.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಲೈಟಿಗೆ ಹೇಳೋ ಅಡ್ರೆಸ್ ಬೇರೆ, ಲೈಟ್ ವಾಪಸ್ ಹೇಳೋ ಅಡ್ರೆಸ್ ಬೇರೆ. ಎರಡನೆಯದನ್ನು ಸ್ಟೇಟಸ್ ಅಂತೀವಿ. ಅದನ್ನು ಬಿಟ್ಟು ಜೋಡಿಸಿದರೆ ಏನಾಗುತ್ತೆ ನೋಡಿ. ಹೊರಗೆ ಹೋಗುವಾಗ ಬಾಗಿಲ ಪಕ್ಕದ "ಎಲ್ಲ ಆಫ್" ಬಟನ್ ಒತ್ತುತ್ತೀರಿ. ಮನೆ ಕತ್ತಲು. ಮೊಬೈಲ್‌ನಲ್ಲಿ ಮಾತ್ರ ಹನ್ನೊಂದು ಲೈಟ್ ಉರಿಯುತ್ತಲೇ ಇರುತ್ತವೆ. ಎರಡು ದಿನ ಹೀಗಾದರೆ ಆಪ್ ಮೇಲಿನ ನಂಬಿಕೆಯೇ ಹೋಗುತ್ತದೆ. ಇಲ್ಲಿ ಕೆಲವು ರಿಲೇಗಳಿಗೆ ಸ್ಟೇಟಸ್ ಅಡ್ರೆಸ್ಸೇ ಕೊಟ್ಟಿರಲಿಲ್ಲ. ಅದಕ್ಕೆ ಆ "ಎಲ್ಲ ಆಫ್" ಅಡ್ರೆಸ್ಸನ್ನೂ ಕೇಳಿಸಿಕೊಳ್ಳುವಂತೆ ಹೋಮ್ ಅಸಿಸ್ಟೆಂಟ್‌ಗೆ ಹೇಳಿಕೊಟ್ಟೆ. ತೇಪೆ ಕೆಲಸವೇ, ಆದರೆ ನಿಲ್ಲುತ್ತದೆ.

ಹಳೆಯ ಕೆಲವು ಐಪಿ ಇಂಟರ್‌ಫೇಸ್‌ಗಳು ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತವೆ. ನಾನು ಲ್ಯಾಪ್‌ಟಾಪ್ ಕನೆಕ್ಟ್ ಮಾಡಿದ ತಕ್ಷಣ ಪೈ ಹೊರಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಕೊಳ್ಳಿ.

ಊರಿಗೆ ಹೋದಾಗಲೂ ಲೈಟ್ ಹಚ್ಚಬೇಕು ಅಂತ ರೌಟರ್‌ನಲ್ಲಿ ಕೆಎನ್‌ಎಕ್ಸ್‌ನ ಬಾಗಿಲಾದ 3671 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೇ ಕೆಎನ್‌ಎಕ್ಸ್‌ನಲ್ಲಿ ಬರುವವರನ್ನು ತಡೆಯುವ ಬೀಗವೇ ಇಲ್ಲ, ಒಳಗೆ ಬಂದವರೆಲ್ಲ ಮನೆಯವರೇ. 2021ರಲ್ಲಿ ಜರ್ಮನಿಯ ಒಂದು ಆಫೀಸ್ ಕಟ್ಟಡಕ್ಕೆ ಹೀಗೇ ತೆರೆದಿದ್ದ ಪೋರ್ಟ್‌ನಿಂದ ಯಾರೋ ನುಗ್ಗಿದರು. ಸಾಧನಗಳ ಒಳಗಿನ ಸೆಟ್ಟಿಂಗ್ ಅಳಿಸಿ, ಬಿಸಿಯು ಕೀ ಎಂಬ ಪಾಸ್‌ವರ್ಡ್ ಹಾಕಿ ಬೀಗ ಜಡಿದು ಹೋದರು. ಲೈಟ್ ಸ್ವಿಚ್‌ಗಳೂ ಸತ್ತವು. ಹೊರಗಿಂದ ಬೇಕೇ ಬೇಕು ಅಂದರೆ ವಿಪಿಎನ್ ಎಂಬ ಬೀಗವಿರುವ ಖಾಸಗಿ ದಾರಿ ಹಾಕಿಸಿ.

ಈಗ ಮೆಟ್ಟಿಲ ಬಳಿ ಒಂದು ಜಿಗ್‌ಬೀ ಸೆನ್ಸರ್ ಅಂಟಿಸಿದ್ದೇವೆ. ರಾತ್ರಿ ಯಾರಾದರೂ ಇಳಿದರೆ ಹಳೇ ರಿಲೇ ಟಕ್ ಅನ್ನುತ್ತದೆ, ಹಳೇ ಲೈಟ್ ಹತ್ತುತ್ತದೆ. ಗೋಡೆ ಒಡೆದಿಲ್ಲ.

ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡದೆ ನಾನು ದುಡ್ಡು ತಗೊಳ್ಳಲ್ಲ. ಪೈ ಪ್ಲಗ್ ಕಿತ್ತೆ, ರೌಟರ್ ಆಫ್ ಮಾಡಿದೆ. "ಹಾಲ್ ಸ್ವಿಚ್ ಒತ್ತಿ ಸಾರ್" ಅಂದೆ. ಯಜಮಾನರು ಒತ್ತಿದರು. ಹತ್ತಿತು.

"ಇದು ಮೊದಲೂ ಹತ್ತುತ್ತಿತ್ತಲ್ರೀ!" ಅಂದರು.

ಬಿಲ್ಲನ್ನು ಮಗಳ ಕೈಗೆ ಕೊಟ್ಟೆ.